ದಪ್ಪ ಗಾಲಿ, ಎದುರು ಗಾಳಿ

ವೀಬೆಯ ತಕರಾರು ಒಂದೇ. ಕಟ್ಟಿಕೊಂಡ ಹೆಂಡತಿಯ ಮುಖ ನೋಡಿ ಬಹಳ ಕಾಲವಾಗಿತ್ತು.

ಇದನ್ನು ಕೇಳಿ ನೀವು ಯಾವುದೋ ವಿರಹದ ಕಥೆ ಅಂದುಕೊಂಡು ಕರವಸ್ತ್ರ ಹುಡುಕಬೇಡಿ. ಫೆಮ್ಮಿ ಎಲ್ಲೂ ಹೋಗಿರಲಿಲ್ಲ. ಒಂದೇ ಮನೆ, ಒಂದೇ ಮೇಜು, ಒಂದೇ ಪಾತ್ರೆಯ ಬಟಾಣಿ ಸೂಪು. ಮನೆಯೊಳಗೆ ಅವಳ ಮುಖ ಬೇಕಾದಷ್ಟು ಕಾಣುತ್ತಿತ್ತು, ಕೆಲವು ಸಲ ಬೇಡವೆಂದರೂ. ಕಾಣದೆ ಹೋದದ್ದು ಸೈಕಲ್ ಮೇಲೆ. ಆದರೆ ಡಚ್ಚರ ನಾಡಿನ ಕರಾವಳಿ ಸೀಮೆ ಫ್ರೀಸ್‌ಲಾಂಡಿನ ನಮ್ಮ ಈ ಬಂದರು ಊರಿನಲ್ಲಿ ಗಂಡ ಹೆಂಡತಿ ಸುಖ ದುಃಖ ಮಾತಾಡುವುದೇ ಸೈಕಲ್ ಮೇಲೆ. ಮನೆಯಲ್ಲಿ ಕಾಫಿ ಕುಡಿಯುತ್ತೇವೆ, ಅಷ್ಟೇ.

ಎಲ್ಲ ಕೆಟ್ಟದ್ದು ಫೆಮ್ಮಿ ಬ್ಯಾಟರಿ ಸೈಕಲ್ ಕೊಂಡ ಮೇಲೆ. ಬೂದು ಬಣ್ಣದ್ದು, ಎರಡೂ ಕಡೆ ಹೂವಿನ ಚಿತ್ರದ ಚೀಲ, ನೋಡಿದರೆ ಪಾದ್ರಿಯ ತಾಯಿಯ ಸೈಕಲ್ಲಿನಷ್ಟು ಸಭ್ಯ. ಆದರೆ ಅವಳು ಒಂದು ಸಲ ತುಳಿದಳೆಂದರೆ ಅದು ಹಕ್ಕಿಯಂತೆ ಹೋಗಿಬಿಡುತ್ತಿತ್ತು. ಹಿಂದೆ ವೀಬೆ, ಅಪ್ಪನ ಕಾಲದ ಸಾದಾ ಸೈಕಲ್ಲಿನ ಮೇಲೆ, ಎದುರು ಗಾಳಿಗೆ ತಲೆ ಬಗ್ಗಿಸಿ ಏದುಸಿರು ಬಿಡುತ್ತ ಬರುತ್ತಿದ್ದ. ಅವಳು ಮುಂದಿನಿಂದಲೇ ಕತ್ತು ಅರ್ಧ ತಿರುಗಿಸಿ ಏನೋ ಹೇಳುವಳು. ಅರ್ಧ ಮಾತು ಗಾಳಿಯ ಪಾಲು, ಇನ್ನರ್ಧ ಸಮುದ್ರದ ಪಾಲು. ವೀಬೆ ಮರ್ಯಾದೆ ಉಳಿಸಿಕೊಳ್ಳಲು "ಹ್ಞೂಂ, ಹ್ಞೂಂ" ಅನ್ನುವನು. ಹೀಗೆ ಕೇಳಿಸದ ಮಾತಿಗೆಲ್ಲ ಹ್ಞೂಂಗುಟ್ಟಿ ಅವನು ಒಪ್ಪಿಕೊಂಡದ್ದು: ನಡುಮನೆಗೆ ಪಾಚಿ ಹಸಿರು ಬಣ್ಣ, ಬೇಸಿಗೆಯಿಡೀ ಫೆಮ್ಮಿಯ ಅಕ್ಕನ ವಾಸ್ತವ್ಯ, ಮತ್ತು ಹುಡುಗರ ದಪ್ಪ ಟೈರಿನ ಗಾಡಿಗಳ ಮೇಲೆ ಹಿರಿಯರು ಕಟ್ಟಿದ ದಪ್ಪಗಾಲಿ ವಿರೋಧಿ ಸಮಿತಿಯಲ್ಲಿ ಕಾಫಿ ಸರಬರಾಜು ಖಾತೆ.

ಹಾಗಾದರೆ ಅವನೂ ಒಂದು ಬ್ಯಾಟರಿ ಸೈಕಲ್ ಕೊಳ್ಳಬಾರದಿತ್ತೇ? ಕೊಳ್ಳಬಹುದಿತ್ತು, ಬಾಯಿ ಸುಮ್ಮನಿದ್ದಿದ್ದರೆ. ಅವನ ಹುಟ್ಟುಹಬ್ಬದ ದಿನ ಬಂಧುಗಳೆಲ್ಲ ಸುತ್ತಲೂ ಕುರ್ಚಿ ಹಾಕಿಕೊಂಡು ಕೂತಿದ್ದಾಗ ಎದ್ದು ನಿಂತು, "ಮೋಟರ್ ಇರೋ ಸೈಕಲ್ ಸೈಕಲ್ಲೇ ಅಲ್ಲ, ಗಾಲಿ ಇರೋ ಕುರ್ಚಿ. ನನ್ನ ಕಾಲಲ್ಲಿ ಕಸುವು ಇರೋ ತನಕ ಅದರ ಮೇಲೆ ಕೂರಲ್ಲ" ಎಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಚಪ್ಪಾಳೆ ತಟ್ಟಿದವರು ಒಬ್ಬೊಬ್ಬರಾಗಿ ಬ್ಯಾಟರಿ ಸೈಕಲ್ ಕೊಂಡರು. ಪ್ರತಿಜ್ಞೆ ಮಾಡಿದವನು ಮಾತ್ರ ತುಳಿಯುತ್ತಲೇ ಉಳಿದ.

ವೀಬೆ ನಿವೃತ್ತಿಯಾಗುವ ತನಕ ಊರಿನ ಎತ್ತುವ ಸೇತುವೆಯ ಕಾವಲುಗಾರನಾಗಿದ್ದವನು. ದೋಣಿ ಬಂದರೆ ಸೇತುವೆ ಎತ್ತುವುದು, ಹೋದ ಮೇಲೆ ಇಳಿಸುವುದು, ನಡುವೆ ಎರಡೂ ದಡದ ಸೈಕಲ್ಲಿನವರಿಂದ ಬೈಸಿಕೊಳ್ಳುವುದು. ಹೀಗೆ ಬೈದವರಲ್ಲಿ ಒಬ್ಬಳು ಫೆಮ್ಮಿ. ಆಗ ಅವಳು ಹುಡುಗಿ. ಟೈರು ಪಂಕ್ಚರ್ ಆಗಿತ್ತು, ಮೇಲಿಂದ ಸೇತುವೆ ಬೇರೆ ಎದ್ದಿತ್ತು. "ನಿನ್ನ ಸೇತುವೆ ಆಕಾಶ ನೋಡ್ತಾ ಇರೋದ್ರಿಂದ ನನ್ನ ಕೆಲಸ ಹೋಗತ್ತೆ" ಅಂದಿದ್ದಳು. ಪಾಳಿ ಮುಗಿದ ಮೇಲೆ ಅವನು ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟ.

ಕೂರಿಸಿಕೊಂಡ ಅಂದರೆ ತಪ್ಪಾಗುತ್ತದೆ. ನಮ್ಮ ಕಡೆ ಹುಡುಗಿ ನಿಂತ ಸೈಕಲ್ ಹತ್ತುವುದಿಲ್ಲ. ಹುಡುಗ ನಿಧಾನಕ್ಕೆ ಹೊರಡಬೇಕು, "ಹಾರು" ಅನ್ನಬೇಕು, ಅವಳು ಪಕ್ಕದಿಂದ ಓಡಿಬಂದು ಹಾರಿ ಅಡ್ಡಡ್ಡಲಾಗಿ ಕೂರಬೇಕು. ಹಾರಿದ ಕೂಡಲೇ ಸೈಕಲ್ ಒಂದು ಸಲ ತೂಗಾಡುತ್ತದೆ. ಬೀಳುತ್ತೇವೇನೋ ಅನ್ನುವಷ್ಟರಲ್ಲಿ ಒಂದು ಕೈ ಬಂದು ಸೊಂಟ ಹಿಡಿಯುತ್ತದೆ. ಆ ತೂಗಾಟ, ಆ ಕೈ. ಎಷ್ಟೋ ವರ್ಷ ದಿನಾ ಸಿಕ್ಕಿದ್ದು ಎಂದಿನಿಂದ ಸಿಗದೆ ಹೋಯಿತು ಎಂದು ವೀಬೆಗೆ ನೆನಪಿಲ್ಲ. ಮಕ್ಕಳು ಹಿಂದಿನ ಸೀಟಿಗೆ ಬಂದರು, ಆಮೇಲೆ ಆಲೂಗಡ್ಡೆ ಮೂಟೆ ಬಂತು, ಆಮೇಲೆ ಅವಳಿಗೇ ಬೇರೆ ಸೈಕಲ್ ಬಂತು. ಈಗ ಸಂಜೆ ಕಿಟಕಿಯ ಹತ್ತಿರ ಜ್ಯೇಷ್ಠಮಧುವಿನ ಉಪ್ಪು ಮಿಠಾಯಿ ಚೀಪುತ್ತ ಕೂತರೆ ಅವನಿಗೆ ಬೆನ್ನ ಹಿಂದೆ ಖಾಲಿ ಖಾಲಿ ಅನ್ನಿಸುತ್ತಿತ್ತು. ಸತ್ತವರಿಗಾಗಿ ಹಂಬಲಿಸಬಹುದು, ಊರು ಬಿಟ್ಟವರಿಗಾಗಿ ಹಂಬಲಿಸಬಹುದು. ಅಡಿಗೆಮನೆಯಲ್ಲೇ ನಿಂತು ಚೀಸ್ ಹೆರೆಯುತ್ತಿರುವ ಹೆಂಡತಿಗಾಗಿ ಹಂಬಲಿಸುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಒಂದು ದಿನ ಅವಳ ಹತ್ತಿರವೇ ಹೇಳಿದ.

"ಏ ಫೆಮ್ಮಿ, ಒಂದು ಸಲ ನನ್ನ ಹಿಂದೆ ಕೂತ್ಕೋತೀಯಾ?"

"ಎಲ್ಲಿ, ಚರ್ಚಿನಲ್ಲಾ?"

"ಸೈಕಲ್ ಮೇಲೆ ಕಣೇ. ಕ್ಯಾರಿಯರ್ ಮೇಲೆ. ಆಗ ಕೂರ್ತಿದ್ದೆಯಲ್ಲ, ಹಾಗೆ."

ಫೆಮ್ಮಿ ಚೀಸ್ ಚಾಕು ಕೆಳಗಿಟ್ಟಳು. "ನಿನ್ನ ಕ್ಯಾರಿಯರ್ ನೋಡಿದೀಯಾ? ಒಂದು ಗೇಣು ಅಗಲ ಇಲ್ಲ. ನನ್ನನ್ನ ನೋಡಿದೀಯಾ?"

"ಆಗ ಅದರಲ್ಲೇ ಹಿಡಿಸ್ತಿದ್ದೆ."

"ಆಗ ನಾನು ಕಾಗದ. ಈಗ ಪಾರ್ಸಲ್. ಅದೂ ಅಲ್ದೆ ನಂಗೇ ಒಂದು ಸೈಕಲ್ ಇದೆ, ಅದಕ್ಕೊಂದು ಮೋಟರ್ ಇದೆ. ನಿನ್ನ ಬೆನ್ನು ನೋಡ್ಕೊಂಡು ಯಾಕೆ ಹೋಗ್ಲಿ?"

"ನಾನು ನಿನ್ನ ಬೆನ್ನು ನೋಡ್ಕೊಂಡೇ ತಾನೆ ಹೋಗ್ತಿರೋದು?"

"ಯಾರು ನೋಡು ಅಂದ್ರು? ಮುಂದೆ ಬಾ."

ಮುಂದೆ ಹೋಗುವುದಕ್ಕೆ ಕಾಲು ಬೇಕಲ್ಲ. ವೀಬೆ ಗುಟ್ಟಾಗಿ ವೈದ್ಯರ ಹತ್ತಿರ ಹೋಗಿ ಎದೆ ತೋರಿಸಿಕೊಂಡು ಬಂದ. ವೈದ್ಯರು ಎದೆ ಗಟ್ಟಿಯಾಗಿದೆ ಅಂದರು. ಎದೆ ಗಟ್ಟಿಯಿದ್ದೂ ತುಳಿದು ಹೆಂಡತಿಯನ್ನು ಮುಟ್ಟಲಾಗದಿದ್ದರೆ ಅದು ಮುಪ್ಪೇ ಸರಿ ಎಂದು ತೀರ್ಮಾನಿಸಿ ಅವನು ಇನ್ನಷ್ಟು ಕುಗ್ಗಿದ.

ಹೀಗಿರುವಾಗ ಒಂದು ಮಧ್ಯಾಹ್ನ ಸಮುದ್ರದ ಏರಿಯ ಮೇಲೆ ಗಂಡ ಹೆಂಡತಿ ಎಂದಿನಂತೆ ಹಿಂದೆ ಮುಂದೆ ಹೋಗುತ್ತಿದ್ದಾಗ ಒಂದು ಫ್ಯಾಟ್‌ಬೈಕ್, ಹುಡುಗರ ಬ್ಯಾಟರಿ ಸೈಕಲ್, ಬುಸ್ಸೆಂದು ದಾಟಿ ಹೋಯಿತು. ಊರಿನ ಹಿರಿಯರ ಬಾಯಲ್ಲಿ ಅದು 'ದಪ್ಪಗಾಲಿ'. ಕುಂಬಳಕಾಯಿಯಂಥ ಟೈರು, ಗಿಡ್ಡ ದೇಹ, ಮಂಚದಷ್ಟು ಉದ್ದದ ಸೀಟು. ಮೇಲೆ ಒಬ್ಬ ಹುಡುಗ, ಹಿಂದೆ ಅವನನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ ಒಬ್ಬಳು ಹುಡುಗಿ.

"ಲಫಂಗರು!" ಫೆಮ್ಮಿಯ ಕೂಗು ಗಾಳಿಯನ್ನೂ ಸೀಳಿಕೊಂಡು ಬಂತು. ಅವಳು ಸುಮ್ಮನೆ ಕೂಗಿದವಳಲ್ಲ, ದಪ್ಪಗಾಲಿ ವಿರೋಧಿ ಸಮಿತಿಯ ಕಾರ್ಯದರ್ಶಿ. ಮನೆಯ ಕಿಟಕಿಗೆ "ದಪ್ಪ ಗಾಲಿ, ಜಾಗ ಖಾಲಿ!" ಎಂಬ ಘೋಷಣೆಯನ್ನು ಬರೆದು ಅಂಟಿಸಿದವಳೂ ಅವಳೇ.

ವೀಬೆ ಎಂದಿನಂತೆ ಹ್ಞೂಂ ಅಂದ. ಆದರೆ ಅವನ ಕಣ್ಣು ಹೋದದ್ದು ಆ ಉದ್ದನೆಯ ಸೀಟಿನ ಮೇಲೆ. ಅಲ್ಲಿ ಕಾಗದವೇನು, ಪಾರ್ಸಲ್ಲೂ ಆರಾಮಾಗಿ ಕೂರಬಹುದು.

ಪಕ್ಕದ ಮನೆಯ ಕೋಬುಸ್‌ಗೆ ನಿಯಮ ಅಂದರೆ ಬೆಣ್ಣೆ ಹಚ್ಚಿದ ರೊಟ್ಟಿ. ವೀಬೆ ಬೇಲಿಯ ಹತ್ತಿರ ನಿಂತು ವಿಷಯ ತೆಗೆದದ್ದೇ ತಡ, ಅವನು ಉಪದೇಶಕ್ಕೆ ನಿಂತ.

"ಕೇಳು ವೀಬೆ. ನೀನು ಪೆಡಲ್ ತುಳಿದ್ರೆ ಮೋಟರ್ ಕೈ ಜೋಡಿಸ್ಬೇಕು. ತುಳಿಯೋದು ಬಿಟ್ರೆ ಅದೂ ಬಿಡ್ಬೇಕು. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಆಯ್ತು ಅನ್ನು, ಆಗ್ಲೂ ಕೈ ಬಿಡ್ಬೇಕು. ಹೀಗಿದ್ರೆ ಸೈಕಲ್. ಹಿಡಿ ತಿರುವಿದ ಕೂಡ್ಲೆ ತುಳೀದೇನೇ ಓಡ್ತು ಅನ್ನು, ಅದು ಸೈಕಲ್ ಅಲ್ಲ, ಮೊಪೆಡ್. ನಂಬರ್ ಪ್ಲೇಟು, ಇನ್ಶೂರೆನ್ಸು, ಲೈಸೆನ್ಸು, ಹೆಲ್ಮೆಟ್ಟು, ಎಲ್ಲಾ ಬೇಕು."

ನೀನು ತುಳಿಯುವ ತನಕ ಅದೂ ಜೊತೆಗಿರುತ್ತದೆ, ನೀನು ಬಿಟ್ಟರೆ ಅದೂ ಬಿಡುತ್ತದೆ. ಈ ನಿಯಮ ಬರೆದವನಿಗೆ ಮದುವೆಯಾಗಿ ಬಹಳ ವರ್ಷವಾಗಿರಬೇಕು ಅಂದುಕೊಂಡ ವೀಬೆ.

"ಮತ್ತೆ ನಿನ್ನ ಪ್ರತಿಜ್ಞೆ?" ಕೋಬುಸ್ ಕೇಳಿದ.

"ನಾನು ಗಾಲಿ ಇರೋ ಕುರ್ಚಿ ಮೇಲೆ ಕೂರಲ್ಲ ಅಂದಿದ್ದೆ. ಇದು ಬೆಂಚು."

ದಪ್ಪಗಾಲಿ ಸಿಕ್ಕಿದ್ದು ಪಕ್ಕದ ಊರಿನ ಒಬ್ಬಳು ತಾಯಿಯಿಂದ. ಮಗನಿಂದ ಕಿತ್ತುಕೊಂಡು ಮಾರುತ್ತಿದ್ದಳು. ವೀಬೆ ಬಂದಾಗ ಕಣ್ಣಲ್ಲಿ ನೀರು ತಂದುಕೊಂಡು ಅವನ ಕೈ ಕುಲುಕಿದಳು. ಅದರ ಹಿಡಿಯಲ್ಲಿ ಎಕ್ಸಲರೇಟರ್ ಇತ್ತು. ವೀಬೆ ಮೊದಲ ಕೆಲಸವಾಗಿ ಸೈಕಲ್ ಅಂಗಡಿಗೆ ಒಯ್ದು ಅದನ್ನು ತೆಗೆಸಿಹಾಕಿದ, ಇಪ್ಪತ್ತೈದಕ್ಕೆ ಮೋಟರ್ ಕೈ ಬಿಡುವಂತೆ ಮಾಡಿಸಿದ. ಜೀವಮಾನವಿಡೀ ಕೆಂಪು ದೀಪ ಹಾಕಿ ಜನರನ್ನು ನಿಲ್ಲಿಸಿದವನು ತಾನೇ ನಿಯಮ ಮುರಿದರೆ ಸೇತುವೆಗೆ ಯಾವ ಮುಖ ತೋರಿಸುವುದು? ಗಾಡಿ ಕೋಬುಸ್‌ನ ಶೆಡ್ಡಿನಲ್ಲಿ ಅಡಗಿತು.

ಯೋಜನೆ ಸರಳವಾಗಿತ್ತು. ಮೊದಲು ಓಡಿಸಲು ಪಳಗುವುದು. ಆಮೇಲೆ ಒಂದು ಶನಿವಾರ, ಫೆಮ್ಮಿ ಸಂತೆ ಮುಗಿಸಿ ಸೇತುವೆಗೆ ಬರುವ ಹೊತ್ತಿಗೆ ಅವಳ ಪಕ್ಕಕ್ಕೆ ಹೋಗಿ, ನಿಧಾನ ಮಾಡಿ, ಅದೇ ಜಾಗದಲ್ಲಿ ಅದೇ ಮಾತು ಹೇಳುವುದು: "ಹಾರು." ಅದಕ್ಕೆ ಮುಂಚೆ ಅವಳಿಗೆ ಸುಳಿವು ಸಿಕ್ಕರೆ ಗಾಡಿ ಗುಜರಿಗೆ, ತಾನು ಅದರ ಹಿಂದೆಯೇ ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಕಪ್ಪು ಜಾಕೆಟ್, ಮುಖ ತುಂಬ ಶಾಲು, ಕಪ್ಪು ಕನ್ನಡಕ. ಮಧ್ಯಾಹ್ನ ಏರಿಯ ಮೇಲೆ ತಾಲೀಮು. ಒಬ್ಬನೇ ಇದ್ದರೂ ಅವನು "ಹಾರು" ಎಂದು ಗಾಳಿಗೆ ಹೇಳಿ ನೋಡುತ್ತಿದ್ದ. ಕೆಲವು ಸಲ ತುಸು ಜೋರಾಗಿ, ಕೆಲವು ಸಲ ಪ್ರೀತಿಯಿಂದ. ಪ್ರೀತಿಯಿಂದ ಹೇಳಿದಾಗಲೆಲ್ಲ ಹಿಂದಿನ ಖಾಲಿ ಸೀಟನ್ನು ಒಂದು ಸಲ ತಡವಿ ನೋಡುತ್ತಿದ್ದ.

ಏರಿಯ ಎದುರಿಗೇ ಸಮಿತಿಯ ಅಧ್ಯಕ್ಷೆ ಬೌಕ್ಯೆಯ ಅಡಿಗೆಮನೆಯ ಕಿಟಕಿ ಇದೆ, ಅಲ್ಲಿ ಸಮಿತಿಯವರು ಸರದಿಯ ಮೇಲೆ ದುರ್ಬೀನು ಹಿಡಿದು ಕೂರುತ್ತಾರೆ ಎಂಬುದು ಅವನ ತಲೆಗೆ ಬರಲಿಲ್ಲ. ಕಾಫಿ ಖಾತೆಯವರಿಗೆ ರಕ್ಷಣಾ ಖಾತೆಯ ವಿಷಯ ಯಾರು ಹೇಳುತ್ತಾರೆ?

ಮುಂದಿನ ಸಭೆ ವೀಬೆಯ ಮನೆಯಲ್ಲೇ. ಕುರ್ಚಿಗಳು ಸುತ್ತಲೂ ಹರಡಿದವು. ವೀಬೆ ಎಲ್ಲರಿಗೂ ಕಾಫಿ ಕೊಟ್ಟು, ತಲಾ ಒಂದು ಬಿಸ್ಕತ್ತು ಹಂಚಿ, ರಿವಾಜಿನಂತೆ ಡಬ್ಬಿಯ ಮುಚ್ಚಳ ಹಾಕಿದ.

"ಹೊಸಬನೊಬ್ಬ ಬಂದಿದ್ದಾನೆ," ಬೌಕ್ಯೆ ಶುರು ಮಾಡಿದಳು. "ಕಪ್ಪು ಜಾಕೆಟ್ಟು, ಮುಖಕ್ಕೆ ಶಾಲು, ಕಪ್ಪು ಕನ್ನಡಕ. ಎಲ್ಲರಿಗಿಂತ ಭಯಂಕರ ಇವನೇ. ಒಬ್ಬೊಬ್ಬನೇ ಏನೋ ಕಿರುಚ್ತಾನೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವೀಬೆಯ ಕೈ ತಾನಾಗಿಯೇ ಮುಖಕ್ಕೆ ಹೋಯಿತು, ಶಾಲು ಇದೆಯೋ ಇಲ್ಲವೋ ನೋಡಲು. ಕೈಯಲ್ಲಿದ್ದ ಕಾಫಿ ತಟ್ಟೆಗೆ ಚೆಲ್ಲಿತು.

"ಇನ್ನೊಂದು ವಿಚಿತ್ರ ಏನು ಗೊತ್ತಾ?" ಬೌಕ್ಯೆ ಮುಂದುವರಿಸಿದಳು. "ತಿರುಗೋ ಮುಂಚೆ ಕೈ ಚಾಚ್ತಾನೆ! ಎಡಕ್ಕೆ ಹೋಗೋದಾದ್ರೆ ಎಡಗೈ, ಬಲಕ್ಕೆ ಬಲಗೈ. ಹಿಂದೆ ಒಂದು ನರಪಿಳ್ಳೆ ಇಲ್ದಿದ್ರೂ ಚಾಚ್ತಾನೆ. ದಪ್ಪಗಾಲಿಯವರು ಕೈ ಚಾಚಿದ್ದನ್ನ ಈ ಊರಲ್ಲಿ ಯಾರಾದ್ರೂ ಕಂಡಿದ್ದೀರಾ? ಅವರ ಗುಂಪಿನ ಏನೋ ಸಂಕೇತ ಇರ್ಬೇಕು."

"ಬರ್ಕೋ ಫೆಮ್ಮಿ, ಸಂಕೇತ," ಅಂದರು ಉಳಿದವರು.

ಫೆಮ್ಮಿ ಬರೆಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದಳು. ಆಮೇಲೆ ಎದ್ದು, ಮುಚ್ಚಿದ್ದ ಡಬ್ಬಿ ತೆಗೆದು, ವೀಬೆಯ ತಟ್ಟೆಗೆ ಎರಡನೆಯ ಬಿಸ್ಕತ್ತು ಇಟ್ಟಳು. (ನಮ್ಮ ಕಡೆ ಎರಡನೆಯ ಬಿಸ್ಕತ್ತು ಅಂದರೆ ಸಾಮಾನ್ಯ ಸಂಗತಿಯಲ್ಲ. ಸಾಯುವವರಿಗೆ ಕೊಡುತ್ತಾರೆ, ಇಲ್ಲವೆ ಹೊಸದಾಗಿ ಮದುವೆ ನಿಶ್ಚಯವಾದವರಿಗೆ.) ಸಭೆ ದಿಗ್ಭ್ರಮೆಯಿಂದ ನೋಡಿತು. ವೀಬೆ ಮಾತ್ರ, ಇವತ್ತು ಕಾಫಿ ಚೆನ್ನಾಗಿ ಆಗಿರಬೇಕು ಅಂದುಕೊಂಡು ತಿಂದ.

ಶುಕ್ರವಾರ ಊಟದ ಹೊತ್ತಿಗೆ ಫೆಮ್ಮಿ ಅವನ ಕಡೆ ನೋಡದೆ ಹೇಳಿದಳು: "ನಾಳೆ ಸೇತುವೆ ಹತ್ರ ಪೊಲೀಸರು ಬರ್ತಾರಂತೆ. ರೋಲರ್ ಯಂತ್ರ ತರ್ತಾರೆ, ಗಾಡಿ ಅದರ ಮೇಲೆ ನಿಲ್ಲಿಸಿ ಎಷ್ಟು ಜೋರಾಗಿ ಓಡತ್ತೆ ಅಂತ ನೋಡ್ತಾರೆ. ಸಿಕ್ಕಿಬೀಳೋರು ಮನೇಲಿರೋದು ವಾಸಿ."

"ಯಾರು ಸಿಕ್ಕಿಬೀಳೋರು?"

"ಯಾರೋ. ಕೈ ಚಾಚೋರು."

"ಪಾಪ, ಸಣ್ಣ ಹುಡುಗರು," ಅಂದ ವೀಬೆ ಆಲೂಗಡ್ಡೆ ಹಿಸುಕುತ್ತ.

"ಅಷ್ಟೇನೂ ಸಣ್ಣವರಲ್ಲ," ಅಂದಳು ಫೆಮ್ಮಿ. "ಬಾಯಿಬಿಟ್ಟು ಹೇಳೋ ಬುದ್ಧಿ ಮಾತ್ರ ಇಲ್ಲ."

ಇಷ್ಟು ಹೇಳಿದ ಮೇಲೂ ಅರ್ಥವಾಗದಿದ್ದರೆ ಅವನನ್ನು ಏನನ್ನಬೇಕು? ಗಂಡ ಅನ್ನಬೇಕು.

ಶನಿವಾರ ಪಶ್ಚಿಮದಿಂದ ಬಿರುಸಾದ ಗಾಳಿ. ಸೇತುವೆಯ ಪಕ್ಕ ಪೊಲೀಸ್ ವ್ಯಾನು, ಎರಡು ಉರುಳೆಯ ಯಂತ್ರ, ಇಬ್ಬರು ಪೊಲೀಸರು, ಅವರಿಗೆಂದು ಕಾಫಿ ಫ್ಲಾಸ್ಕು ಹಿಡಿದ ಸಮಿತಿ. ಸಂತೆಯಿಂದ ನೇರ ಬಂದ ಫೆಮ್ಮಿ ತನ್ನ ಬೂದು ಸೈಕಲ್ಲನ್ನು ಕಂಬಿಗೆ ಒರಗಿಸಿ ನಿಂತಿದ್ದಳು. ಆದರೆ ಊರಿನ ಹುಡುಗರೆಲ್ಲ ಫೋನಿನಲ್ಲಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸಿ ಬೇರೆ ದಾರಿ ಹಿಡಿದಿದ್ದರು. ಒಂದೇ ಒಂದು ದಪ್ಪಗಾಲಿಯ ಸುಳಿವಿಲ್ಲ. ಪೊಲೀಸರು ಕಾಫಿ ಕುಡಿದರು. ಬೌಕ್ಯೆಯ ಮೂಗು ಚಳಿಗೆ ಕೆಂಪಾಯಿತು.

ಅಷ್ಟರಲ್ಲಿ ಏರಿಯ ಕಡೆಯಿಂದ ಬಂದ, ಕಪ್ಪು ಜಾಕೆಟ್ಟಿನ ಮುಸುಕುಧಾರಿ. ದೂರದಿಂದಲೇ ಪೊಲೀಸರನ್ನು ಕಂಡ. ಹಿಂದಿರುಗಿ ಓಡಲಿಲ್ಲ. ತನ್ನದು ನಿಯಮದ ಗಾಡಿ, ಹೆದರಿಕೆ ಯಾಕೆ? ಬಲಗೈಯನ್ನು ಪೂರ್ತಿ ಚಾಚಿ, ಬಲಕ್ಕೆ ತಿರುಗಿ, ಸೀದಾ ಯಂತ್ರದ ಮುಂದೆ ಬಂದು ನಿಂತ.

"ಅವನೇ! ಅವನೇ!" ಬೌಕ್ಯೆ ಕುಣಿದಳು. "ಶಾಲು ತೆಗೀಯಪ್ಪ, ಊರಿಗೆ ನಿನ್ನ ಮುಖ ಕಾಣ್ಲಿ!"

ವೀಬೆ ಶಾಲು ತೆಗೆದ.

"ಕಾಫಿ ಖಾತೆ!" ಎಂದು ಬೌಕ್ಯೆ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಪೊಲೀಸ್ ಹುಡುಗಿ ಗಾಡಿಯನ್ನು ಉರುಳೆಯ ಮೇಲೆ ಹತ್ತಿಸಿ ಪೆಡಲ್ ತಿರುಗಿಸಿದಳು. ಅಂಕಿ ಏರಿತು, ಇಪ್ಪತ್ತೈದಕ್ಕೆ ಬಂತು, ಮೋಟರ್ ಕೈ ಬಿಟ್ಟಿತು. ಹಿಡಿಯನ್ನು ತಡವಿದಳು, ಎಕ್ಸಲರೇಟರ್ ಇಲ್ಲ. "ಎಲ್ಲಾ ಸರಿಯಾಗಿದೆ ಸರ್. ಇಷ್ಟು ಸರಿಯಾಗಿರೋ ಗಾಡಿ ಈ ವರ್ಷ ನೋಡೇ ಇಲ್ಲ."

"ಸರಿಯಾಗಿದೆಯಾ? ಗಾಲಿ ನೋಡಿ, ಎಷ್ಟು ದಪ್ಪ!" ಅಂದಳು ಬೌಕ್ಯೆ.

"ದಪ್ಪ ಇರೋದು ಅಪರಾಧ ಅಲ್ಲಮ್ಮ. ನಿಯಮ ಇರೋದು ಮೋಟರಿಗೆ. ಗಾಲಿ ತೆಳ್ಳಗಿದ್ರೂ ಅಷ್ಟೇ, ದಪ್ಪಗಿದ್ರೂ ಅಷ್ಟೇ." ಅವಳು ಸುತ್ತ ನೋಡಿದಳು. "ಈಗ ಆ ಬೂದು ಬಣ್ಣದ್ದು. ಯಾರದು?"

ಫೆಮ್ಮಿ ಸೈಕಲ್ಲಿಗೆ ಅಡ್ಡ ನಿಂತಳು. "ಅದರಲ್ಲಿ ಮೀನಿದೆ."

"ಮೀನು ಇಳಿಸೋಣಮ್ಮ."

ಮೀನು ಇಳಿಯಿತು. ಅಂಕಿ ಏರಿತು. ಇಪ್ಪತ್ತೈದು ಬಂತು, ಹೋಯಿತು. ಮೂವತ್ತು ಬಂತು, ಅದೂ ಹೋಯಿತು. ಸಭ್ಯ ಸೈಕಲ್ಲು ಗುಂಯ್‌ಗುಟ್ಟುತ್ತ ನಲವತ್ತಕ್ಕೆ ತಾಕಿದಾಗ ಸಮಿತಿ ಒಂದು ಹೆಜ್ಜೆ ಹಿಂದೆ ಸರಿಯಿತು.

"ನನ್ನ ಕಾಲಿನ ಕಸುವು ಇರ್ಬಹುದು," ಅಂದಳು ಫೆಮ್ಮಿ.

"ನಿಮ್ಮ ಕಾಲು ಇಲ್ಲಿ ನೆಲದ ಮೇಲಿದೆಯಲ್ಲಮ್ಮ. ಯಾರೋ ಇದರ ವೇಗಕ್ಕೆ ಹಾಕಿದ್ದ ಕಟ್ಟು ಬಿಚ್ಚಿದ್ದಾರೆ. ಇದು ಸೈಕಲ್ ಅಲ್ಲ, ಮೊಪೆಡ್. ನಂಬರ್ ಪ್ಲೇಟ್ ಎಲ್ಲಿ?"

ಅಕ್ಕನ ಮೊಮ್ಮಗ ಫೋನಿನಿಂದ ಏನೋ ಒತ್ತಿ ಮಾಡಿಕೊಟ್ಟದ್ದು ಎಂದು ಫೆಮ್ಮಿ ಒಪ್ಪಿಕೊಳ್ಳಬೇಕಾಯಿತು. ದಂಡದ ಚೀಟಿ ಬಂತು, ಬೂದು ಸೈಕಲ್ ವ್ಯಾನಿಗೆ ಹತ್ತಿತು. ಬೌಕ್ಯೆ ಬಾಯಿ ತೆರೆದದ್ದು ಹಾಗೇ ಇತ್ತು. ವೀಬೆಗೆ ಮಾತ್ರ ತಲೆಯೊಳಗೆ ಸೇತುವೆ ನಿಧಾನವಾಗಿ ಏಳತೊಡಗಿತು.

"ನಲವತ್ತು! ನನ್ನ ಎದೆ ಹೋಯ್ತು ಅಂತ ಡಾಕ್ಟರ ಹತ್ರ ಹೋಗಿ ಬಂದೆನಲ್ಲೇ! ನಾನು ಮುದುಕ ಆದೆ ಅಂದ್ಕೊಂಡು ಕೊರಗ್ತಾ ಇದ್ದೆನಲ್ಲೇ!"

"ಸ್ವಲ್ಪ ನಿಲ್ಲೇ ಅಂತ ಒಂದು ಸಲ ಅಂದ್ಯಾ?" ಫೆಮ್ಮಿಯ ದನಿ ಅವನಿಗಿಂತ ಮೇಲೆ ಹೋಯಿತು. "ನಾನು ಏನು ಹೇಳಿದ್ರೂ ಹ್ಞೂಂ! ಮನೆಗೆ ಪಾಚಿ ಬಣ್ಣ ಹೊಡೆಸ್ಲಾ ಅಂದ್ರೂ ಹ್ಞೂಂ! ಇವನಿಗೆ ಇವತ್ತು ರೇಗತ್ತೆ, ನಾಳೆ ರೇಗತ್ತೆ, ಆ ದರಿದ್ರ ಪ್ರತಿಜ್ಞೆ ಮೂಲೆಗೆಸೆದು ಒಂದು ಬ್ಯಾಟರಿ ಸೈಕಲ್ ತಗೊಂಡು ನನ್ನ ಪಕ್ಕಕ್ಕೆ ಬರ್ತಾನೆ ಅಂತ ಕಾದೆ. ಬರ್ಲಿಲ್ಲ. ಅದಕ್ಕೇ ಇನ್ನೂ 'ಜೋರು ಮಾಡು' ಅಂದೆ ಆ ಹುಡುಗನಿಗೆ. ಆಗ್ಲೂ ಬರ್ಲಿಲ್ಲ. ಒಬ್ಬಳೇ ಮುಂದೆ ಹೋಗೋದು ಸುಖ ಅಂದ್ಕೊಂಡ್ಯಾ?"

ವೀಬೆ ದಪ್ಪಗಾಲಿಯ ಕಡೆ ಕೈ ತೋರಿಸಿದ. "ಬಂದಿದ್ದೀನಲ್ಲ," ಅಂದ.

"ಬಂದೆ, ಮುಖಕ್ಕೆ ಶಾಲು ಸುತ್ಕೊಂಡು! ಕೈ ಚಾಚ್ತಾನೆ ಅಂದಾಗ್ಲೇ ಗೊತ್ತಾಯ್ತು ನಂಗೆ. ಬಚ್ಚಲಿಗೆ ತಿರುಗೋವಾಗ್ಲೂ ಕೈ ಚಾಚೋನು ಈ ಊರಲ್ಲಿ ಒಬ್ಬನೇ. ಮರುದಿನ ಬೌಕ್ಯೆ ಕಿಟಕಿಗೆ ಹೋಗಿ ನೋಡ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಅದಕ್ಕೂ ಕಾದೆ."

ವೀಬೆ ಯಂತ್ರದ ಪಕ್ಕ ನಿಲ್ಲಿಸಿದ್ದ ದಪ್ಪಗಾಲಿಯನ್ನು ಹತ್ತಿ ಕೂತು, ಸೀಟಿನ ಹಿಂಭಾಗವನ್ನು ಕೈಯಿಂದ ಒರೆಸಿದ. ಇಷ್ಟು ದಿನ ಗಾಳಿಗೆ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದ ಮಾತು. ಇಡೀ ಸಮಿತಿಯ ಎದುರಿಗೆ ಹೇಳಿದ.

"ಹಾರು, ಫೆಮ್ಮಿ."

ಫೆಮ್ಮಿ ಅವನನ್ನು ನೋಡಿದಳು. ಕಣ್ಣು ಒಂದು ಗಳಿಗೆ ಆ ಪಂಕ್ಚರ್ ಆದ ಹುಡುಗಿಯದೇ ಆಯಿತು. ಆಮೇಲೆ ಮೀನಿನ ಪೊಟ್ಟಣ ಅವನ ಕೈಗಿಟ್ಟಳು.

"ನಾನು ಹಾರೋದಾ? ನನ್ನ ಸೊಂಟ ಗಿಂಟ ಮುರೀಬೇಕಾ? ನೀನು ಓಡಿಸೋ ಚಂದ ದುರ್ಬೀನಿನಲ್ಲಿ ನೋಡಿದೀನಿ. ಇಳಿ ಕೆಳಗೆ."

"ಇದು ನನ್ನ ಗಾಡಿ ಕಣೇ."

"ಗಾಡಿ ನಿಂದೇ ಇರ್ಲಿ. ಇಳಿ."

ಇಳಿದ. ಅವಳು ಹ್ಯಾಂಡಲ್ ಹಿಡಿದು, ಲಂಗ ಸರಿಮಾಡಿಕೊಂಡು, ಹತ್ತಿ ಹೊರಟೇಬಿಟ್ಟಳು. ಸೇತುವೆಯ ಹಲಗೆ ದಡದಡ ಅಂದಿತು. ತುಸು ದೂರ ಹೋಗಿ, ಹಿಂದೆ ತಿರುಗದೆ ಕೂಗಿದಳು: "ಏನು ನೋಡ್ತಾ ನಿಂತೆ? ಹಾರು!"

ಮೀನು ಕಂಕುಳಲ್ಲಿಟ್ಟುಕೊಂಡು ವೀಬೆ ಓಡಿದ. ಒಂದು ಸಲ ತಪ್ಪಿತು, ಎರಡನೆಯ ಸಲ ಹಾರಿದ. ಗಾಡಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಫೆಮ್ಮಿ "ಅಯ್ಯಯ್ಯೋ!" ಅಂದಳು, ಹಿಂದೆ ಸಮಿತಿ "ಅಯ್ಯಯ್ಯೋ!" ಅಂದಿತು. ವೀಬೆ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡ. ಸಿಕ್ಕಿದ್ದು ಅವಳ ಸೊಂಟ. ಕೆನ್ನೆ ಅವಳ ಕೋಟಿಗೆ ಒರಗಿತು. ಕೋಟಿಗೆ ಸೋಪಿನ ವಾಸನೆ, ಗಾಳಿಯ ವಾಸನೆ, ಅವನ ಕಂಕುಳಿಂದ ಮೀನಿನ ವಾಸನೆ. ಇಷ್ಟು ವರ್ಷ ಅವನಿಗೆ ಬೇಕಾಗಿದ್ದದ್ದು ಇದೇ, ದಿಕ್ಕು ಮಾತ್ರ ತಿರುಗುಮುರುಗಾಗಿತ್ತು. ಅದಕ್ಕಾಗಿ ದೇವರ ಹತ್ತಿರ ಜಗಳವಾಡುವಷ್ಟು ಮೂರ್ಖ ಅವನಲ್ಲ.

ಏರಿಯ ಬುಡಕ್ಕೆ ಬಂದಾಗ ಗಾಡಿ ಗೊರ್ ಅಂದು ಸುಮ್ಮನಾಯಿತು. ಚಾರ್ಜ್ ಮಾಡುವಾಗ ಎದುರಿಗೆ ಯಾರಾದರೂ ಇರಲೇಬೇಕೆಂಬ ನಿಯಮ ಕೋಬುಸ್‌ನದು. ಊಟಕ್ಕೆ ಹೋಗುವಾಗ ಪ್ಲಗ್ಗು ಕಿತ್ತಿಟ್ಟಿದ್ದ.

"ಬ್ಯಾಟರಿ ಹೋಯ್ತು. ಇಳಿ," ಅಂದಳು ಫೆಮ್ಮಿ.

"ಈಗ ತಾನೆ ಹತ್ತಿದ್ದೀನಿ ಕಣೇ."

"ಇಷ್ಟು ದಪ್ಪ ಗಾಲಿ, ಹಿಂದೊಬ್ಬ ಗಂಡ, ಎದುರು ಗಾಳಿ. ಮೂರನ್ನೂ ನಾನೇ ಎಳೀಲಾ? ಇಳಿದು ಬೆನ್ನಿಗೆ ಕೈ ಕೊಡು."

ವೀಬೆ ಇಳಿದು ಅವಳ ಬೆನ್ನಿನ ಮೇಲೆ ಅಂಗೈ ಇಟ್ಟು ನೂಕಿದ. ಅವಳು ತುಳಿದಳು, ಅವನು ಪಕ್ಕದಲ್ಲಿ ಏದುಸಿರು ಬಿಡುತ್ತ ಓಡಿದ. ಏರಿಯ ಮೇಲಿಂದ ಎರಡು ದಪ್ಪಗಾಲಿಗಳ ಹುಡುಗರು ಇಳಿದು ಬಂದು, ಈ ಮೆರವಣಿಗೆ ಕಂಡು, ತಮ್ಮ ಜೀವನದಲ್ಲಿ ಮೊದಲ ಸಲ ಗಾಡಿ ನಿಧಾನ ಮಾಡಿದರು.

"ಈ ಮೋಟರ್ ಪರವಾಗಿಲ್ಲ," ಅಂದಳು ಫೆಮ್ಮಿ. "ಸದ್ದು ಸ್ವಲ್ಪ ಜಾಸ್ತಿ."

ಕೊನೆಗೂ ಏರಿಯ ನೆತ್ತಿ ಬಂತು. ಮುಂದೆ ದಾರಿ ತಿರುಗಿ ಮನೆಯ ತನಕ ಇಳಿಜಾರು, ಗಾಳಿಯೂ ಈಗ ಹಿಂದಿನಿಂದ. ಇನ್ನು ತುಳಿಯಬೇಕಾಗಿಲ್ಲ, ನೂಕಬೇಕಾಗಿಲ್ಲ. ವೀಬೆ ಬೆವರು ಒರೆಸಿಕೊಂಡ.

"ಇನ್ನು ತಾನಾಗೇ ಹೋಗತ್ತೆ. ಕೈ ತೆಗೀಲಾ?"

ಫೆಮ್ಮಿ ಎದುರಿಗೇ ನೋಡುತ್ತಿದ್ದಳು. "ತೆಗೆದ್ರೆ ನೋಡು!"

ಅವಳು ಇಳಿಜಾರಿನುದ್ದಕ್ಕೂ ಬ್ರೇಕು ಹಿಡಿದೇ ಹೋದಳು. ಗಾಡಿಯ ಯಜಮಾನ ಅವಳ ಬೆನ್ನಿಗೆ ಕೈಯಿಟ್ಟುಕೊಂಡು, ಮೀನು ಕಂಕುಳಲ್ಲಿಟ್ಟುಕೊಂಡು, ಮನೆಯ ತನಕ ಪಕ್ಕದಲ್ಲಿ ನಡೆದೇ ಬಂದ.